ನಾಯಿಯೊಡನೆ ಬಂದರುನಗರಿಗೆ: ಮುಂಬಯಿಯನ್ನು ನೋಡುವ ಒಂದು ಬಗೆ

‘ಬಂದರು’ ಪಾರಸಿ ಮೂಲದ ಶಬ್ದ. ಮರಾಠಿಯಲ್ಲಿ ಅದು ‘ಬಂದರ’ ಆಗಿದೆ, ಕನ್ನಡದಲ್ಲಿ ‘ಬಂದರು’ ಆಗಿದೆ. ಹಡಗಿನ ಸರಕು ಇಳಿಸುವ ಕಟ್ಟೆಯನ್ನು ಮರಾಠಿಗರು ‘ಧಕ್ಕಾ’ ಎಂದರೆ ಮಂಗಳೂರಿನವರು ‘ದಕ್ಕೆ’ ಎನ್ನುತ್ತಾರೆ. ಮುಂಬಯಿಯ ಬೋರಿಬಂದರ, ಮಸ್ಜಿದ್ ಬಂದರ, ಪಾಲವಾ ಬಂದರ, ಭಾವೂಚಾ ಧಕ್ಕಾ ಎಂಬ ಸ್ಥಳನಾಮಗಳನ್ನು ಓದುವ ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಇವು ಅಪರಿಚಿತವೆನಿಸುವುದಿಲ್ಲ. ಒಂದು ಕಿವಿ ಮರಾಠಿಯನ್ನೂ ಇನ್ನೊಂದು ಕಿವಿ ಕನ್ನಡವನ್ನೂ ಕೇಳುತ್ತ ಬೆಳೆದವರಿಗೆ ಬಂದರುನಗರವೊಂದು ನಿಘಂಟಿನ ಪುಟದಂತೆ ತೆರೆದುಕೊಳ್ಳುತ್ತದೆ.

ಬಂದರಿಗೆ ಸರಕು ಮಾತ್ರ ಬರುವುದಿಲ್ಲ. ಜನರು, ಶಬ್ದಗಳು, ಧರ್ಮಗಳು, ರೋಗಗಳು, ಪ್ರಾಣಿಗಳು ಎಲ್ಲವೂ ಬಂದಿಳಿಯುತ್ತವೆ. ಆದುದರಿಂದಲೇ ಬಂದರುನಗರದ ಚರಿತ್ರೆಯೆಂದರೆ ಯಾರು ಅಲ್ಲಿ ಇರಬಹುದು, ಯಾರು ಇರಬಾರದು ಎಂಬ ನಿರಂತರ ವಾದದ ಚರಿತ್ರೆ. ಮುಂಬಯಿಯಲ್ಲಿ ಈ ವಾದವು ಒಮ್ಮೆ ನಾಯಿಯನ್ನು ಕುರಿತೇ ನಡೆದಿತ್ತು. ಅದಕ್ಕಾಗಿ ಅಂಗಡಿಗಳು ಮುಚ್ಚಿದವು, ಸೈನ್ಯ ಬೀದಿಗಿಳಿಯಿತು. ಸಾಕಿದ ನಾಯಿಯನ್ನು ಕರೆದುಕೊಂಡು ಆ ನಗರವನ್ನು ನೋಡಲು ಹೊರಡುವವರು ತಿಳಿದಿರಬೇಕಾದ ಚರಿತ್ರೆಯನ್ನೂ ವ್ಯವಹಾರವನ್ನೂ ಒಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಕನ್ನಡದ ಓದಿನಲ್ಲಿ ನಾಯಿ

ನಾಯಿಯನ್ನು ಗೌರವಿಸುವುದು ಆಧುನಿಕ ನಗರವಾಸಿಗಳ ಶೋಕಿಯೆಂಬ ಭಾವನೆ ಕೆಲವರಲ್ಲಿದೆ. ಹಳಗನ್ನಡವನ್ನು ಓದುವವರು ಹಾಗೆ ಭಾವಿಸಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ಹಿನ್ನೆಲೆ ಅದಕ್ಕಿದೆ. ಗಂಗರ ಬೂತುಗನ ಪಕ್ಷದ ವೀರ ಮಣಲೆರನು ಆ ಯುದ್ಧದಲ್ಲಿ ಪರಾಕ್ರಮ ಮೆರೆದಾಗ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೆರನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಮುಂದೆ ಆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವನು ಉಣ್ಣಬಾರದೆಂದು ವಿಧಿಸಲಾಯಿತು. ಸಾಮ್ರಾಜ್ಯಗಳ ಯುದ್ಧದ ವಾರ್ತೆ ಒಂದು ನಾಯಿಯ ಸ್ಮಾರಕಶಿಲೆಯ ಮೂಲಕ ಇಂದಿನವರೆಗೆ ಉಳಿದು ಬಂದಿದೆ.

ಭಾಷೆಯಲ್ಲಿಯೂ ನಾಯಿಗೆ ಹಲವು ಹೆಸರುಗಳಿವೆ. ‘ನಾಯ್’ ಅಚ್ಚಗನ್ನಡ, ಮರಿಗೆ ‘ಕುನ್ನಿ’, ಸಂಸ್ಕೃತದ ‘ಶುನಕ’ದಿಂದ ತದ್ಭವವಾಗಿ ಬಂದದ್ದು ‘ಸೊಣಗ’. ಬಯ್ಗುಳದಲ್ಲಿಯೂ ಭಕ್ತಿಯಲ್ಲಿಯೂ ನಾಯಿ ಬರುತ್ತದೆ. ಮೈಲಾರಲಿಂಗನ ಪರಂಪರೆಯಲ್ಲಿ, ಅದೇ ದೈವವನ್ನು ಖಂಡೋಬಾ ಎಂದು ಕರೆಯುವ ಮರಾಠಿ ನಾಡಿನಲ್ಲಿ, ನಾಯಿಯು ದೇವರ ಸಂಗಾತಿ. ಗೊರವರೂ ವಾಘ್ಯಾಗಳೂ ದೇವರ ಮುಂದೆ ತಾವೇ ನಾಯಿಗಳಾಗಿ ಬೊಗಳುವ ಆಚರಣೆಯುಂಟು. ಸೊಲ್ಲಾಪುರದ ಬಾಳೆಯ ಜಾತ್ರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಯಣದ ವಿಷಯಕ್ಕೆ ಬಂದರೆ ಎರಡು ಕಥೆಗಳನ್ನು ಜೊತೆಗಿಟ್ಟು ನೋಡಬೇಕು. ಮಹಾಪ್ರಸ್ಥಾನದ ಕೊನೆಯಲ್ಲಿ ಇಂದ್ರನು ರಥವನ್ನು ತಂದು ನಿಲ್ಲಿಸಿದಾಗ, ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ತಾನು ಏರಲಾರೆನೆಂದು ಧರ್ಮರಾಯನು ನಿಂತನು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿಯನ್ನು ಎಡೆಬಿಡದೆ ಹಿಂಬಾಲಿಸುವ ಹುಲಿಯನು, ತುಂಬಿ ಹರಿಯುವ ತುಂಗೆಯನ್ನು ಒಡೆಯನು ದಾಟುವ ಹೊತ್ತಿನಲ್ಲಿ ಹೊಳೆಯ ಪಾಲಾಗುತ್ತಾನೆ. ಒಂದರಲ್ಲಿ ನಾಯಿಗೆ ವಾಹನದಲ್ಲಿ ಸ್ಥಾನ ದೊರೆಯುವವರೆಗೆ ಪಯಣವೇ ನಿಲ್ಲುತ್ತದೆ. ಇನ್ನೊಂದರಲ್ಲಿ ಪಯಣ ಮುಂದುವರಿಯುತ್ತದೆ, ನಾಯಿ ಉಳಿಯುವುದಿಲ್ಲ. ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು ಎಂಬುದನ್ನು ನಾಯಿ ಆರಿಸಿಕೊಳ್ಳುವುದಿಲ್ಲ. ಆದ್ದರಿಂದ ಅದರ ಸ್ಥಾನವನ್ನು ಮೊದಲೇ ಗೊತ್ತುಮಾಡುವ ಹೊಣೆ ಮನುಷ್ಯನದು.

ಬಂದರು ಬೆಳೆದ ಬಗೆ

ಏಳು ದ್ವೀಪಗಳ ಮುಂಬಯಿಯನ್ನು ಪೋರ್ಚುಗೀಸರು 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಾನಿಂದ ಪಡೆದರು. 1661ರ ವಿವಾಹ ಒಪ್ಪಂದದಲ್ಲಿ ಅದು ಬ್ರಗಾಂಜಾದ ಕ್ಯಾಥರೀನಳ ಬಳುವಳಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಸಂದಿತು. ದೂರದ ಈ ದ್ವೀಪಗಳನ್ನು ಆಳುವುದು ಹೊರೆಯೆನಿಸಿ ಅರಸನು 1668ರಲ್ಲಿ ವರ್ಷಕ್ಕೆ 10 ಪೌಂಡುಗಳ ಬಾಡಿಗೆಗೆ ಅವನ್ನು ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದನು. ಕಂಪನಿಯು ವ್ಯಾಪಾರಿಗಳನ್ನೂ ಕುಶಲಕರ್ಮಿಗಳನ್ನೂ ಹೊರಗಿನಿಂದ ಕರೆತಂದು ನೆಲೆಗೊಳಿಸಿತು. 1736ರಲ್ಲಿ ಸೂರತ್ತಿನಿಂದ ಬಂದ ಪಾರಸಿ ಬಡಗಿ ಲವಜಿ ನಸರ್ವಾನಜಿ ವಾಡಿಯಾ ಇಲ್ಲಿಯ ಹಡಗುಕಟ್ಟೆಯ ಕೆಲಸವನ್ನು ವಹಿಸಿಕೊಂಡರು. ಮುಂದೆ ಅವರ ವಂಶಸ್ಥರು ತಲೆತಲಾಂತರದವರೆಗೆ ಹಡಗು ಕಟ್ಟಿದರು. ಇಲ್ಲಿ ಸಾಗುವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆಯು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇಂದಿಗೂ ತೇಲುತ್ತ ನಿಂತಿದೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಯವರೆಗೆ ಮೊದಲ ರೈಲು ಓಡಿತು. 1860ರ ದಶಕದಲ್ಲಿ ಹಳೆಯ ಕೋಟೆಗೋಡೆಗಳನ್ನು ಕೆಡವಿದರು. ಗೋಡೆ ಹೋದರೂ ಆ ಭಾಗಕ್ಕೆ ‘ಫೋರ್ಟ್’ ಎಂಬ ಹೆಸರು ನಿಂತಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು ಯುರೋಪು ಹತ್ತಿರವಾಯಿತು. 1873ರಲ್ಲಿ ಬಂದರಿನ ಆಡಳಿತಕ್ಕೆ ಪೋರ್ಟ್ ಟ್ರಸ್ಟ್ ಸ್ಥಾಪನೆಯಾಯಿತು. 1875ರಲ್ಲಿ ಸಸೂನ್ ಡಾಕ್, 1880ರಲ್ಲಿ ಪ್ರಿನ್ಸಸ್ ಡಾಕ್, 1888ರಲ್ಲಿ ವಿಕ್ಟೋರಿಯಾ ಡಾಕ್, ಹೀಗೆ ನಗರವು ಸಮುದ್ರದ ಕಡೆಗೆ ತೋಳು ಚಾಚುತ್ತ ಹೋಯಿತು.

ಈ ಎಲ್ಲ ವಿವರಗಳಲ್ಲಿ ಒಂದು ಅಂಶ ಮುಂದಿನ ಕಥೆಗೆ ಮುಖ್ಯ. ಈ ಬಂದರಿನ ಹಡಗುಗಳನ್ನು ಕಟ್ಟಿದವರೂ ಅದರ ವ್ಯಾಪಾರದಲ್ಲಿ ಮುಂದಾಗಿದ್ದವರೂ ಆದ ಪಾರಸಿಗಳ ಧರ್ಮದಲ್ಲಿ ನಾಯಿ ಪವಿತ್ರ. ಝರತುಷ್ಟ್ರ ಧರ್ಮದ ವಿಧಿಗ್ರಂಥವಾದ ‘ವೆಂದಿದಾದ್’ ನಾಯಿಯನ್ನು ಕಾಪಾಡುವ ನಿಯಮಗಳಿಗೆ ಒಂದು ಭಾಗವನ್ನೇ ಮೀಸಲಿಟ್ಟಿದೆ. ಮರಣದ ಬಳಿಕ ಶವದೆದುರು ನಾಯಿಯನ್ನು ತಂದು ಅದರ ದೃಷ್ಟಿ ಬೀಳುವಂತೆ ಮಾಡುವ ‘ಸಗ್‌ದೀದ್’ ಎಂಬ ಕ್ರಿಯೆ ಅವರಲ್ಲಿದೆ. ‘ಸಗ್’ ಎಂದರೆ ನಾಯಿ, ‘ದೀದ್’ ಎಂದರೆ ನೋಟ. ಕಣ್ಣುಗಳ ಮೇಲೆ ಎರಡು ಚುಕ್ಕೆಗಳಿರುವ ನಾಯಿಯನ್ನು ‘ನಾಲ್ಕು ಕಣ್ಣಿನ ನಾಯಿ’ ಎಂದು ಕರೆದು ಈ ಕ್ರಿಯೆಗೆ ವಿಶೇಷವಾಗಿ ಯೋಗ್ಯವೆಂದು ಎಣಿಸುತ್ತಿದ್ದರು.

1832ರ ಜೂನ್

ಬೀದಿನಾಯಿಗಳನ್ನು ಬೇಸಿಗೆಯ ನಿರ್ದಿಷ್ಟ ದಿನಗಳಲ್ಲಿ ಕೊಲ್ಲಿಸುವ ನಿಯಮವು ಕಂಪನಿಯ ಮುಂಬಯಿಯಲ್ಲಿ ಮೊದಲಿನಿಂದ ಇತ್ತು. 1832ರಲ್ಲಿ ಪೊಲೀಸ್ ಮ್ಯಾಜಿಸ್ಟ್ರೇಟರು ಆ ಅವಧಿಯನ್ನು ಜೂನ್ ತಿಂಗಳಿನೊಳಕ್ಕೂ ವಿಸ್ತರಿಸಿದರು. ಕೊಂದ ಪ್ರತಿ ನಾಯಿಗೆ ಎಂಟಾಣೆ ಇನಾಮು. ಇನಾಮಿನ ಆಸೆಗೆ ನಾಯಿ ಹಿಡಿಯುವವರು ಬೀದಿಯ ನಾಯಿ, ಮನೆಯ ನಾಯಿ ಎಂಬ ಭೇದ ನೋಡದೆ ಅಂಗಳದಿಂದಲೂ ಎಳೆದೊಯ್ಯತೊಡಗಿದರು. ಜೂನ್ 6 ಪಾರಸಿಗಳಿಗೆ ಪವಿತ್ರ ದಿನ. ಅಂದೇ ಕೋಟೆಯ ಭಾಗದಲ್ಲಿ ನಾಯಿ ಕೊಲ್ಲುವ ಕೆಲಸ ನಡೆಯುತ್ತಿದ್ದುದನ್ನು ಕಂಡ ಪಾರಸಿಗಳ ಗುಂಪು ಪೊಲೀಸರ ಮೇಲೆ ಏರಿಹೋಯಿತು.

ಮರುದಿನ ಹಿಂದೂಗಳು, ಜೈನರು, ಇಸ್ಮಾಯಿಲಿ ಮುಸಲ್ಮಾನರು ಕೂಡಿಕೊಂಡರು. ಅಂಗಡಿಗಳು ಮುಚ್ಚಿದವು. ಸೇನಾ ನೆಲೆಗೆ ನಿತ್ಯ ಹೋಗುವ ಆಹಾರ ಸಾಮಗ್ರಿಯನ್ನು ತಡೆಯಲಾಯಿತು. ಕೊನೆಗೆ ಸೈನ್ಯವನ್ನು ಕರೆಸಿ ಗುಂಪನ್ನು ಚದುರಿಸಿದರು, ಹಲವರನ್ನು ಬಂಧಿಸಿದರು. ಆದರೆ ಆಡಳಿತವೂ ಒಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು. ನಾಯಿಗಳನ್ನು ಕೊಲ್ಲುವ ಬದಲು ಊರ ಹೊರಗೆ ಸಾಗಿಸುವುದಕ್ಕೆ ಅದು ಒಪ್ಪಿತು. ಶಿಕ್ಷೆಗೊಳಗಾದವರ ಪರವಾಗಿ ಮಾತನಾಡಿದವರಲ್ಲಿ ವ್ಯಾಪಾರಿ ಜಮ್‌ಶೇಟ್‌ಜಿ ಜೀಜೀಭಾಯ್ ಅವರು ಪ್ರಮುಖರು. ಎರಡು ವರ್ಷಗಳ ಬಳಿಕ, 1834ರಲ್ಲಿ, ಅವರೂ ಅಮೀಚಂದ ಷಾ ಅವರೂ ಸೇರಿ ದಿಕ್ಕಿಲ್ಲದ ಪ್ರಾಣಿಗಳ ಆಶ್ರಯಕ್ಕಾಗಿ ಮುಂಬಯಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಭುಲೇಶ್ವರದ ಇಕ್ಕಟ್ಟಾದ ಗಲ್ಲಿಗಳ ನಡುವೆ ಅದು ಇಂದಿಗೂ ಇದೆ.

ಈ ಘಟನೆಯನ್ನು ‘ನಾಯಿಪ್ರಿಯರು ಒಳ್ಳೆಯವರು, ಆಳುವವರು ಕ್ರೂರಿಗಳು’ ಎಂದು ಸರಳಗೊಳಿಸಿದರೆ ಅದರ ತಿರುಳು ಕೈಬಿಟ್ಟುಹೋಗುತ್ತದೆ. ಆಡಳಿತದ ಭಯಕ್ಕೆ ಕಾರಣವಿತ್ತು. ಹುಚ್ಚುನಾಯಿ ಕಡಿತಕ್ಕೆ ಆಗ ಔಷಧವೇ ಇರಲಿಲ್ಲ. ಲೂಯಿ ಪಾಶ್ಚರ್ ಅವರು ರೇಬೀಸ್ ಲಸಿಕೆಯನ್ನು ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಕೊಟ್ಟದ್ದು 1885ರಲ್ಲಿ, ಮುಂಬಯಿಯ ಗಲಭೆಯಾದ 53 ವರ್ಷಗಳ ಅನಂತರ. ಲಸಿಕೆಯಿಲ್ಲದ ಕಾಲದಲ್ಲಿ ಕೊಲ್ಲುವುದೊಂದೇ ಉಪಾಯವಾಗಿ ಕಂಡಿತು. ಜನರ ಆಕ್ಷೇಪಕ್ಕೂ ಕಾರಣವಿತ್ತು. ತಮ್ಮ ಶ್ರದ್ಧೆಯನ್ನು, ತಮ್ಮ ಅಂಗಳವನ್ನು ಕೇಳದೆ ಮುಟ್ಟಿದರೆಂಬ ನೋವು ಅದು. ಸುರಕ್ಷತೆಯ ಪ್ರಶ್ನೆ ಮತ್ತು ಸಹವಾಸದ ಪ್ರಶ್ನೆ, ಎರಡೂ ನ್ಯಾಯವಾದವು. ಎರಡನ್ನೂ ಒಟ್ಟಿಗೆ ಬಗೆಹರಿಸುವ ಸಾಧನ ಮಾತ್ರ ಆಗ ಇರಲಿಲ್ಲ.

ಆ ಸಾಧನ ನಿಧಾನವಾಗಿ ಇದೇ ನಗರದಲ್ಲಿ ರೂಪುಗೊಂಡಿತು. 1874ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘ ಮುಂಬಯಿಯಲ್ಲಿ ಹುಟ್ಟಿತು. ದಿನ್‌ಷಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ ಪರೇಲಿನಲ್ಲಿ ಬಾಯಿ ಸಾಕರಬಾಯಿ ಹೆಸರಿನ ಪಶು ಆಸ್ಪತ್ರೆಯಾಯಿತು. 1886ರಲ್ಲಿ ಅದೇ ಆವರಣದಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಗಲಭೆಯಿಂದ ಆಶ್ರಯಕ್ಕೆ, ಆಶ್ರಯದಿಂದ ಚಿಕಿತ್ಸೆಗೆ, ಚಿಕಿತ್ಸೆಯಿಂದ ಶಿಕ್ಷಣಕ್ಕೆ ನಡೆದ ಈ ದಾರಿ ಸುಮಾರು ಐವತ್ತು ವರ್ಷಗಳದು.

ಹೊರಡುವ ಮೊದಲು

ಸೊಲ್ಲಾಪುರದಿಂದ ಮುಂಬಯಿಗೆ ರೈಲುದಾರಿಯಲ್ಲಿ ಸುಮಾರು 455 ಕಿಲೋಮೀಟರು. ನಾಯಿಯೊಡನೆ ಹೋಗುವವರು ರೈಲ್ವೆಯ ನಿಯಮವನ್ನು ಅರಿತಿರಬೇಕು. ಪ್ರಯಾಣಿಕರೊಡನೆ ನಾಯಿ ಇರಬಹುದಾದದ್ದು ಮೊದಲ ದರ್ಜೆಯಲ್ಲಿ, ಹವಾನಿಯಂತ್ರಿತ ಮೊದಲ ದರ್ಜೆಯಲ್ಲಿ ಮಾತ್ರ. ಅಲ್ಲಿಯೂ ಎರಡು ಮಲಗುಜಾಗದ ಕೂಪೆಯನ್ನೋ ನಾಲ್ಕು ಮಲಗುಜಾಗದ ಕ್ಯಾಬಿನನ್ನೋ ಪೂರ್ತಿಯಾಗಿ ತಮಗಾಗಿ ಕಾಯ್ದಿರಿಸಿರಬೇಕು. ಸ್ಲೀಪರ್, ಚೇರ್‌ಕಾರ್, ಎರಡು ಅಥವಾ ಮೂರು ಹಂತದ ಹವಾನಿಯಂತ್ರಿತ ಬೋಗಿಗಳಲ್ಲಿ ಅವಕಾಶವಿಲ್ಲ. ನಾಯಿಗೆ ಪಾರ್ಸೆಲ್ ಕಚೇರಿಯಲ್ಲಿ ಲಗೇಜು ಚೀಟಿ ಮಾಡಿಸಬೇಕು. ಮಾಡಿಸದೆ ಒಯ್ದರೆ ಹಲವು ಪಟ್ಟು ದಂಡ ಬೀಳುತ್ತದೆ. ಇನ್ನೊಂದು ದಾರಿಯೆಂದರೆ ಗಾರ್ಡಿನ ಬ್ರೇಕ್‌ವ್ಯಾನಿನಲ್ಲಿರುವ ನಾಯಿಪೆಟ್ಟಿಗೆ. ಅಲ್ಲಿ ಸದ್ದು, ಕತ್ತಲೆ, ಸೆಕೆ ಮೂರೂ ಇರುತ್ತವೆ. ಅಂಜುವ ಸ್ವಭಾವದ ನಾಯಿಗೆ ಒಂದು ರಾತ್ರಿಯ ಆ ವಾಸ ಶಿಕ್ಷೆಯೇ ಸರಿ. ಅಂಥ ನಾಯಿಯನ್ನು ಮನೆಯಲ್ಲಿ ನಂಬಿಕೆಯವರ ಬಳಿ ಬಿಟ್ಟುಹೋಗುವುದೇ ಪ್ರೀತಿಯ ಲಕ್ಷಣ.

ಕಾಗದಪತ್ರಗಳಲ್ಲಿ ಎರಡು ಮುಖ್ಯ. ಮೊದಲನೆಯದು ರೇಬೀಸ್ ಲಸಿಕೆಯ ದಾಖಲೆ. ಎರಡನೆಯದು ಪ್ರಯಾಣಕ್ಕೆ ಒಂದೆರಡು ದಿನ ಮೊದಲು ಪಶುವೈದ್ಯರು ನಾಯಿಯ ತಳಿ, ಬಣ್ಣ, ಲಿಂಗಗಳನ್ನು ನಮೂದಿಸಿ ಕೊಡುವ ಆರೋಗ್ಯ ಪ್ರಮಾಣಪತ್ರ. ದಾರಿಗೆ ನೀರು ಮತ್ತು ಪರಿಚಿತ ಆಹಾರ, ಹಾಸಲು ಹಳೆಯ ಬಟ್ಟೆ, ಹೊಲಸು ತೆಗೆಯಲು ಕಾಗದ, ಕೊರಳಪಟ್ಟಿಯ ಮೇಲೆ ಒಡೆಯರ ದೂರವಾಣಿ ಸಂಖ್ಯೆ ಇಷ್ಟಿರಬೇಕು. ಹೊರಡುವ ಮುನ್ನ ಹೊಟ್ಟೆ ತುಂಬ ಉಣಿಸಬಾರದು.

ಬಿಜಾಪುರ, ಬಾಗಲಕೋಟೆ, ಜತ್ತ, ಸೊಲ್ಲಾಪುರಗಳ ಕಡೆ ಮುಧೋಳ ನಾಯಿಯನ್ನು ಸಾಕುವವರು ಹೆಚ್ಚು. ಮರಾಠಿಯಲ್ಲಿ ಅದನ್ನು ಕಾರವಾನ ಎನ್ನುತ್ತಾರೆ. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯನ್ನು ಹೊರತಂದಿದೆ. ಈ ತಳಿ ಕಣ್ಣಿನಿಂದ ಬೇಟೆಯಾಡುವಂಥದು. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ರಕ್ತದಲ್ಲಿದೆ. ಬಯಲುನಾಡಿನಲ್ಲಿ ಗುಣವಾದದ್ದು ಪಾರಿವಾಳ, ಬೆಕ್ಕು, ಮೋಟಾರುಗಳ ಮುಂಬಯಿಯಲ್ಲಿ ಅಪಾಯವಾಗುತ್ತದೆ. ಹಗ್ಗ ಗಟ್ಟಿಯಾಗಿರಬೇಕು, ಗಿಡ್ಡವಾಗಿರಬೇಕು, ಕೈಯಿಂದ ಬಿಡಲೇಬಾರದು.

ನಡೆಯುವ ದಾರಿ

ನಾಯಿಯೊಡನೆ ಫೋರ್ಟ್ ಭಾಗವನ್ನು ನೋಡಲು ತಕ್ಕ ಕಾಲ ಚಳಿಗಾಲದ ಭಾನುವಾರ ಬೆಳಿಗ್ಗೆ, ಕಚೇರಿಗಳು ಮುಚ್ಚಿ ಬೀದಿಗಳು ಬರಿದಾಗಿರುವಾಗ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಹೊರಟರೆ ಮೊದಲ ನೋಟವೇ ವಿಶ್ವಪರಂಪರೆಯದು. ಯುನೆಸ್ಕೋ ಈ ನಿಲ್ದಾಣವನ್ನು 2004ರಲ್ಲಿ ಆ ಪಟ್ಟಿಗೆ ಸೇರಿಸಿತು. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಟಾಟಾ ಸಂಸ್ಥೆಯ ಬಾಂಬೆ ಹೌಸ್ ಸಿಗುತ್ತದೆ. ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಈ ಕಟ್ಟಡ 1924ರದು. 2018ರಲ್ಲಿ ಅದನ್ನು ನವೀಕರಿಸಿದಾಗ ಸುತ್ತಲಿನ ಬೀದಿನಾಯಿಗಳಿಗೆಂದೇ ಒಂದು ಕೋಣೆಯನ್ನು ಒಳಗೆ ಮಾಡಲಾಯಿತು. ಅಂಗಳದ ನಾಯಿಯನ್ನು ಎಳೆದೊಯ್ದುದಕ್ಕೆ ಗಲಭೆಯಾದ ಅದೇ ಫೋರ್ಟಿನಲ್ಲಿ ಬೀದಿಯ ನಾಯಿಗೆ ಕಟ್ಟಡದೊಳಗೇ ಜಾಗ ದೊರೆತಿದೆ. 1832ನ್ನು ಓದಿದವರಿಗೆ ಈ ಬಾಗಿಲು ಬೇರೆಯಾಗಿ ಕಾಣುತ್ತದೆ.

ಮುಂದೆ ಹಾರ್ನಿಮನ್ ವೃತ್ತ, ಏಷ್ಯಾಟಿಕ್ ಸೊಸೈಟಿಯ ಎತ್ತರದ ಮೆಟ್ಟಿಲುಗಳು. ಆ ಟೌನ್‌ಹಾಲ್ ಪೂರ್ತಿಯಾದದ್ದು 1833ರಲ್ಲಿ. ಗಲಭೆಯ ದಿನಗಳಲ್ಲಿ ಅದಿನ್ನೂ ಮುಗಿದಿರಲಿಲ್ಲ. ಶಹೀದ್ ಭಗತ್‌ಸಿಂಗ್ ರಸ್ತೆಯಲ್ಲಿ ಸಾಗಿದರೆ ಲಯನ್ ಗೇಟ್. ಅದರ ಒಳಗೆ ವಾಡಿಯಾಗಳ ಹಡಗುಕಟ್ಟೆಯ ನೆಲ. ಈಗ ಅದು ನೌಕಾಪಡೆಯದು, ಸಾರ್ವಜನಿಕರಿಗೆ ಪ್ರವೇಶವಿಲ್ಲ. ದಾರಿಯ ಕೊನೆಗೆ ಪಾಲವಾ ಬಂದರಿನ ಗೇಟ್‌ವೇ ಆಫ್ ಇಂಡಿಯಾ. ಐದನೆಯ ಜಾರ್ಜ್ ದೊರೆ 1911ರಲ್ಲಿ ಬಂದಿಳಿದುದರ ನೆನಪಿಗೆ ಅದೇ ವಿಟೆಟ್ ರೂಪಿಸಿದ ಈ ಕಮಾನು 1924ರಲ್ಲಿ ಮುಗಿಯಿತು. 1948ರ ಫೆಬ್ರುವರಿ 28ರಂದು ಕೊನೆಯ ಬ್ರಿಟಿಷ್ ಪಡೆ ಇದರ ಮೂಲಕವೇ ನಡೆದು ಹಡಗು ಹತ್ತಿತು.

ಎಲಿಫೆಂಟಾ ಗುಹೆಗಳನ್ನು ನಾಯಿಯೊಡನೆ ನೋಡುವ ಆಸೆಯನ್ನು ಬಿಡಬೇಕು. ಸಂರಕ್ಷಿತ ಸ್ಮಾರಕಗಳ ಒಳಗೆ ನಿರ್ವಹಣೆಯ ಕಾರಣಕ್ಕಲ್ಲದೆ ಪ್ರಾಣಿಗಳನ್ನು ತರಬಾರದೆಂದು 1959ರ ನಿಯಮ ಹೇಳುತ್ತದೆ. ಇಬ್ಬರಿದ್ದರೆ ಒಬ್ಬರು ದಡದಲ್ಲಿ ನಾಯಿಯ ಜೊತೆ ಉಳಿಯಬಹುದು.

ಬಯಲುಸೀಮೆಯ ನಾಯಿಗೆ ಕರಾವಳಿಯ ಹವೆ ಹೊಸದು. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ; ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವವನ್ನು ಆವಿಯಾಗಿಸಿ ಮೈಯ ಶಾಖವನ್ನು ಕಳೆಯುತ್ತದೆ. ಗಾಳಿಯಲ್ಲೇ ತೇವ ತುಂಬಿರುವಾಗ ಆವಿಯಾಗುವುದು ನಿಧಾನವಾಗುತ್ತದೆ, ಶಾಖ ಒಳಗೇ ಉಳಿಯುತ್ತದೆ. ಸೊಲ್ಲಾಪುರದ ಒಣ ಬಿಸಿಲನ್ನು ತಾಳಿದ ನಾಯಿ ಅದಕ್ಕಿಂತ ಕಡಿಮೆ ಉಷ್ಣತೆಯ ಮುಂಬಯಿಯಲ್ಲಿ ಕುಸಿದುಬೀಳಬಹುದಾದುದು ಈ ಕಾರಣಕ್ಕೆ. ಅಂಗೈಯ ಹಿಂಬದಿಯನ್ನು ಕಲ್ಲುಹಾಸಿನ ಮೇಲೆ ಐದಾರು ಕ್ಷಣ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆಂದು ತಿಳಿಯಬೇಕು. ಸಮುದ್ರದ ನೀರನ್ನು ಕುಡಿಯಗೊಡಬಾರದು. ಮಳೆಗಾಲದ ನಿಂತ ನೀರಿನಲ್ಲಿ ಇಲಿಯ ಮೂತ್ರ ಬೆರೆತು ಲೆಪ್ಟೊಸ್ಪೈರೋಸಿಸ್ ಹರಡುತ್ತದೆ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾದ 2005ರ ಜುಲೈ 26ರ ಬಳಿಕ ನಗರವು ಈ ರೋಗದ ಕಹಿಯನ್ನು ಉಂಡಿತು. ನಾಯಿಗೂ ಮನುಷ್ಯನಿಗೂ ತಗಲುವ ರೋಗವಿದು. ನಾಯಿಗೆ ಇದರ ಲಸಿಕೆಯಿದೆ.

ಎರಡು ನಾಯಿಗಳ ಪ್ರಶ್ನೆ

ದಾರಿಯುದ್ದಕ್ಕೂ ಹಗ್ಗವಿರುವ ನಾಯಿಗೆ ಹಗ್ಗವಿಲ್ಲದ ನಾಯಿ ಎದುರಾಗುತ್ತದೆ. ಎರಡನೆಯದಕ್ಕೆ ಆ ಬೀದಿಯೇ ಮನೆ. ಹೊರಗಿನಿಂದ ಬಂದ ನಾಯಿ ಅದರ ಎಲ್ಲೆಯನ್ನು ಮೆಟ್ಟಿದಾಗ ಅದು ಬೊಗಳುತ್ತದೆ. ಆಗ ಓಡಬಾರದು, ಕಲ್ಲೆತ್ತಬಾರದು. ಸಾಕುನಾಯಿಯನ್ನು ಮೈಗೆ ಹತ್ತಿರ ಎಳೆದುಕೊಂಡು ನಿಧಾನವಾಗಿ ಬೀದಿಯ ಆ ಬದಿಗೆ ಸರಿಯಬೇಕು. ಅತಿಥಿ ಯಾರು, ಮನೆಯವರು ಯಾರು ಎಂಬುದು ನೆನಪಿದ್ದರೆ ಈ ನಡವಳಿಕೆ ತಾನಾಗಿ ಬರುತ್ತದೆ.

ಕಡಿತವಾದರೆ ವಿಷಯ ಬೇರೆ. ರೇಬೀಸಿನ ಲಕ್ಷಣಗಳು ಕಾಣಿಸಿಕೊಂಡ ಬಳಿಕ ಬದುಕುವುದು ಅಸಾಧ್ಯವೆನ್ನುವಷ್ಟು ವಿರಳ. ಲಕ್ಷಣಗಳಿಗೆ ಮೊದಲು ಚಿಕಿತ್ಸೆ ಪಡೆದರೆ ರೋಗವನ್ನು ತಡೆಯಬಹುದು. ಗಾಯವನ್ನು ತಕ್ಷಣವೇ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಿ, ವೈದ್ಯರು ಹೇಳಿದ ಎಲ್ಲ ದಿನಗಳಲ್ಲೂ ತಪ್ಪದೆ ತೆಗೆದುಕೊಳ್ಳಬೇಕು. ಗಾಯ ಆಳವಾಗಿದ್ದರೆ ಅದರ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಸಂಶಯದ ಕಡಿತಕ್ಕೆ ಒಳಗಾಗುವವರಲ್ಲಿ 15 ವರ್ಷದೊಳಗಿನ ಮಕ್ಕಳು ಶೇಕಡ 40ರಷ್ಟಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿಯ ಪರವಾಗಿ ಮಾತನಾಡುವವರು ಈ ಮಾತನ್ನು ಬದಿಗೆ ತಳ್ಳುವಂತಿಲ್ಲ.

ಅದೇ ಸಂಸ್ಥೆಯ ಇನ್ನೊಂದು ಲೆಕ್ಕವೂ ಇದೆ. ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡ 70ಕ್ಕೆ ಲಸಿಕೆ ಹಾಕಿದರೆ ರೇಬೀಸಿನ ಸರಪಳಿ ಕಡಿಯುತ್ತದೆ. ಕೊಂದರೆ ಹಾಗಾಗುವುದಿಲ್ಲ, ಬರಿದಾದ ಬೀದಿಗೆ, ಅಲ್ಲಿ ಅನ್ನವಿರುವವರೆಗೆ, ಲಸಿಕೆಯಿಲ್ಲದ ಹೊಸ ನಾಯಿಗಳು ಬಂದು ಸೇರುತ್ತವೆ. ಭಾರತದಲ್ಲಿ 2001ರಲ್ಲಿ ಬಂದ, 2023ರಲ್ಲಿ ಪರಿಷ್ಕೃತವಾದ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಅದೇ ಜಾಗಕ್ಕೆ ಬಿಡುವ ಕ್ರಮವನ್ನು ಹೇಳುವುದು ಈ ತರ್ಕದಿಂದ. 2025ರ ಆಗಸ್ಟಿನಲ್ಲಿ ದಿಲ್ಲಿಯ ಬೀದಿನಾಯಿಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶ, ಹನ್ನೊಂದೇ ದಿನಗಳಲ್ಲಿ ಆದ ಅದರ ಮಾರ್ಪಾಡು ಇವೆರಡೂ 1832ರ ವಾದ ಇನ್ನೂ ಮುಗಿದಿಲ್ಲವೆಂಬುದನ್ನು ತೋರಿಸಿದವು. ಅಂದಿಗೂ ಇಂದಿಗೂ ಇರುವ ವ್ಯತ್ಯಾಸವೆಂದರೆ, ಅಂದು ಇಲ್ಲದ ಲಸಿಕೆ ಇಂದು ಇದೆ. ಆದುದರಿಂದ ಅಂದಿನ ಆಡಳಿತಕ್ಕೆ ಇದ್ದ ಅಸಹಾಯಕತೆಯ ನೆಪ ಇಂದಿನವರಿಗೆ ಇಲ್ಲ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿಯೂ ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿಯೂ ಮುಂಬಯಿಯನ್ನು ಓದಿರುತ್ತಾರೆ. ದೊಡ್ಡ ನಗರದಲ್ಲಿ ತನಗೊಂದು ಜಾಗ ಬೇಕೆಂಬ ಹಂಬಲ ಆ ಓದಿನಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಆ ಹಂಬಲ ಮನುಷ್ಯರಿಗೆ ಮಾತ್ರ ಮೀಸಲಲ್ಲವೆಂಬುದನ್ನು ಬಂದರಿನ ಬೀದಿಗಳು ತೋರಿಸಿಕೊಡುತ್ತವೆ. ಆತಕೂರಿನವರು ಒಂದು ನಾಯಿಗೆ ಕಲ್ಲಿನಲ್ಲಿ ಜಾಗ ಕೊಟ್ಟರು. ಮುಂಬಯಿಯವರು ಜಗಳವಾಡಿ ಬೀದಿಯಲ್ಲಿ ಜಾಗ ಉಳಿಸಿಕೊಟ್ಟರು. ಸಾಕುನಾಯಿಯೊಡನೆ ಹೊರಡುವವರು ಕೊಡಬೇಕಾದದ್ದು ಅಷ್ಟು ದೊಡ್ಡದೇನಲ್ಲ. ಲಸಿಕೆಯ ಚೀಟಿ, ಗಿಡ್ಡ ಹಗ್ಗ, ಒಂದು ಬಟ್ಟಲು ನೀರು, ನಾಯಿ ದಣಿದಾಗ ನಿಲ್ಲುವ ತಾಳ್ಮೆ. ಇಷ್ಟನ್ನು ಜೊತೆಗೆ ಒಯ್ದವರನ್ನು ಯಾವ ಬಂದರೂ ಹಿಂದಕ್ಕೆ ಕಳುಹಿಸುವುದಿಲ್ಲ.